ಮೊದಲ ಗೂಟ

“ಯಾರು? ನಮ್ಮ ಶೇಖರನಾ?”

ಪಪ್ಪನ ದನಿ ಕೇಳಿ ಲಿಯೋನಾ ಶೂ ಲೇಸ್ ಕಟ್ಟುವುದನ್ನು ನಿಲ್ಲಿಸಿದಳು. ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಮಮ್ಮಿ ಅದನ್ನು ನೋಡಲೇ ಇಲ್ಲ.

“ನಿನ್ನೆ ಸಂಜೆ ನನ್ನ ಜೊತೆ ಇದ್ದನಲ್ಲ ಮಾರಾಯ!” ಎಂದು ಪಪ್ಪ ಫೋನಿನಲ್ಲಿ ಹೇಳಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕುಳಿತು ಮಮ್ಮಿಯತ್ತ ತಿರುಗಿದರು. “ನಿದ್ದೆಯಲ್ಲೇ ಹೋದನಂತೆ ರೆಜಿನಾ. ಹಾರ್ಟ್ ನಿಂತುಹೋಯಿತಂತೆ.”

ನಿನ್ನೆಯಷ್ಟೇ ಶೇಖರ ಅಂಕಲ್ ಲಿಯೋನಾಳಿಗೆ ಖರ್ಜೂರ ಕೊಟ್ಟಿದ್ದರು. ಅದರ ಬೀಜ ಇನ್ನೂ ಅವಳ ಪರ್ಸಿನಲ್ಲಿತ್ತು.

ಪಪ್ಪ ಮತ್ತು ಅಂಕಲ್ ಒಂದೇ ಕಂಪೆನಿಯವರು. ಅರಬ್ ನಾಡಿನಲ್ಲಿ ಅವರಿದ್ದ ಅಲ್ ಖೋಬರ್‌ನಿಂದ ಎರಡು ಗಂಟೆ ದೂರದಲ್ಲಿ ಹಳೆಯ ಪಟ್ಟಣವೊಂದು ಮರಳಿನಡಿ ಹೂತುಹೋಗಿತ್ತು. ಬಸ್ಮಾ ಮೇಡಂ ಅಲ್ಲಿ ಅಗೆತ ನಡೆಸುತ್ತಿದ್ದರು; ಅಂಕಲ್ ರೇಡಾರ್ ಗಾಡಿ ತಳ್ಳುತ್ತಿದ್ದರು. ಅಗೆಯುವ ಮೊದಲೇ ನೆಲದೊಳಗೆ ಏನಿದೆ ಎಂದು ತೋರಿಸುವ ಗಾಡಿ ಅದು. ಕೆಳಗೆ ಕಲ್ಲು ಇದ್ದರೆ ಅದರ ಪರದೆಯಲ್ಲಿ ಗೆರೆ ಬಾಗುತ್ತಿತ್ತು.

ನಿನ್ನೆ, ಶನಿವಾರ, ಲಿಯೋನಾ ಪಪ್ಪನ ಜೊತೆ ಅಲ್ಲಿಗೆ ಹೋಗಿದ್ದಳು.

“ನೋಡು ಮಾರಾಯ್ತಿ, ಕೆಳಗೆ ಯಾರದ್ದೋ ಮೀಸೆ!” ಎಂದಿದ್ದರು ಅಂಕಲ್, ಪರದೆಯ ಬಾಗಿದ ಗೆರೆ ತೋರಿಸಿ.

“ಎಂತ ದೊಡ್ಡ ಮೀಸೆ ಅಂಕಲ್!”

“ಇದು ಬಾವಿಯ ಕಟ್ಟೆಯೇ. ಬೇಕಾದರೆ ಬರೆದಿಟ್ಟುಕೋ.” ಆಮೇಲೆ ಮೂಲೆಯ ಮರದ ಗೂಟ ತೋರಿಸಿದ್ದರು. “ಇದನ್ನು ಮಾತ್ರ ಮುಟ್ಟಬೇಡ ಆಯ್ತಾ? ಎಲ್ಲ ಅಳತೆ ಇಲ್ಲಿಂದ ಶುರು. ಇದು ಸರಿದರೆ ನಾನು ಹೇಳಿದ್ದೆಲ್ಲ ಸುಳ್ಳಾಗ್ತದೆ.”

ಅವಳು ಮುಟ್ಟಲಿಲ್ಲ. ಆದರೆ ಸಂಜೆ ಓಡುವಾಗ ಅದಕ್ಕೆ ಕಟ್ಟಿದ್ದ ದಾರಕ್ಕೆ ಕಾಲು ಸಿಕ್ಕಿ ಗೂಟವೇ ಕಿತ್ತುಬಂತು. ದೊಡ್ಡವರು ಗಾಡಿಯನ್ನು ವ್ಯಾನಿಗೆ ಏರಿಸುತ್ತಿದ್ದರು. ಗೂಟದ ಗುಳಿಯನ್ನು ಮರಳು ಮುಚ್ಚಿಬಿಟ್ಟಿತ್ತು. ಅವಳು ಅಂದಾಜಿನಲ್ಲಿ ಒಂದು ಕಡೆ ಊರಿದಳು. ಮುಂದಿನ ಶನಿವಾರ ಅಂಕಲ್‌ಗೆ ಹೇಳಿದರಾಯಿತು ಎಂದುಕೊಂಡಳು.

ಇನ್ನು ಯಾವ ಶನಿವಾರ?

ಬುಧವಾರ ಪಪ್ಪ ಊಟಕ್ಕೆ ಕುಳಿತವರು ಅನ್ನ ಕಲಸುತ್ತಲೇ ಇದ್ದರು.

“ಶೇಖರ ಹೇಳಿದ ಜಾಗದಲ್ಲಿ ಮೂರು ದಿನ ಅಗೆದರು. ಬರೀ ಮರಳು. ಶೇಖರನ ರೀಡಿಂಗೇ ತಪ್ಪು ಅಂತ ಬಸ್ಮಾ ಮೇಡಂ ರಿಪೋರ್ಟ್ ಬರೀತಾರಂತೆ. ಹದಿನೆಂಟು ವರ್ಷ ಗಾಡಿ ತಳ್ಳಿದವ. ಕೊನೆಯ ಕೆಲಸಕ್ಕೆ ಈ ಹೆಸರು.”

“ಊರಲ್ಲಿ ಅವರ ಮಗಳು ಶರ್ವಾಣಿಗೆ ಇದು ಗೊತ್ತಾಗಬಾರದು” ಎಂದರು ಮಮ್ಮಿ.

ಲಿಯೋನಾ ತಟ್ಟೆ ಸರಿಸಿದಳು.

“ಪಪ್ಪಾ, ಅಂಕಲ್ ತಪ್ಪು ಮಾಡಲಿಲ್ಲ. ಗೂಟ ಕಿತ್ತದ್ದು ನಾನು.”

“ಎಂತ?” ಪಪ್ಪ ಎಂಜಲು ಕೈಯಲ್ಲೇ ಎದ್ದು ನಿಂತರು. “ನಾಲ್ಕು ದಿನ ಬಾಯಿ ಮುಚ್ಚಿ ಕೂತಿದ್ದೀಯಾ?”

ಅವಳು ಅಳುತ್ತಲೇ ಮಮ್ಮಿಯ ಫೋನ್ ತಂದಳು. ಅದರಲ್ಲಿ ಅಂಕಲ್ ಕಳಿಸಿದ ಫೋಟೊ ಇತ್ತು. ಲಿಯೋನಾ ನಗುತ್ತಾ ನಿಂತಿದ್ದಳು. ಪಕ್ಕದಲ್ಲಿ ಗೂಟ, ಅದಕ್ಕೆ ತಾಗಿಕೊಂಡೇ ಒಂದು ಕಪ್ಪು ಬಂಡೆ.

ಪಪ್ಪ ಎಡಗೈಯಿಂದ ಫೋಟೊ ಹಿಗ್ಗಿಸಿದರು. “ಈ ಬಂಡೆ ಅಲ್ಲೇ ಇದೆ, ಗೂಟದ ಜಾಗ ಸಿಗ್ತದೆ. ಶನಿವಾರ ಬಾ. ಮೇಡಂ ಹತ್ತಿರ ನೀನೇ ಹೇಳು.”

ಶುಕ್ರವಾರ ಶೇಖರ ಅಂಕಲ್ ಪೆಟ್ಟಿಗೆಯಲ್ಲಿ ಊರಿಗೆ ಹೋದರು. ಶನಿವಾರ ಲಿಯೋನಾ ಬಸ್ಮಾ ಮೇಡಂ ಎದುರು ನಿಂತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ಫೋಟೊ ನೋಡಿದರು. ಆಮೇಲೆ ಅಳತೆ ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟು, “ಯಲ್ಲಾ, ಬಾ, ಹಿಡಿ” ಎಂದರು.

ಬಂಡೆಯ ಬುಡದಿಂದ ಹೊಸದಾಗಿ ಅಳೆದರು. ಹಳೆಯ ಗುಂಡಿಯಿಂದ ಮೂರು ಮೀಟರ್ ಆಚೆ ಅಗೆಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಸಲಿಕೆ ಟಣ್ ಎಂದಿತು. ಕುಂಚದಿಂದ ಮರಳು ಸರಿಸಿದಾಗ ದುಂಡಗೆ ಜೋಡಿಸಿದ ಕಲ್ಲುಗಳು ಕಂಡವು.

ಬಾವಿಯ ಕಟ್ಟೆ!

ಪಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಬಸ್ಮಾ ಮೇಡಂ ರಿಪೋರ್ಟಿನ ಒಂದು ಸಾಲು ಹೊಡೆದುಹಾಕಿ, ಅಂಗೈಗಳನ್ನು ಮೇಲೆತ್ತಿ ಅರಬ್ಬಿಯಲ್ಲಿ ಮೆಲ್ಲಗೆ ಏನೋ ಬೇಡಿಕೊಂಡರು. ಅದರ ನಡುವೆ ಶೇಖರ್ ಎಂಬ ಹೆಸರು ಕೇಳಿಸಿತು.

ಲಿಯೋನಾ ಪರ್ಸಿನಿಂದ ಖರ್ಜೂರದ ಬೀಜ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಕಣ್ಣು ಮುಚ್ಚಿದಳು.

‘ದೇವರೇ, ಅಂಕಲ್ ಹೇಳಿದ್ದು ಸುಳ್ಳಾಗಲಿಲ್ಲ. ಅವರಿಗೆ ನಿನ್ನ ಹತ್ತಿರ ನಿತ್ಯ ವಿಶ್ರಾಂತಿ ಕೊಡು.’