ಸತ್ತೆವ್ವನ ಮನೆಗೆ ಬಂದ ಆಮೆಮರಿ

ದಾಂಡೇಲಿಯ ಹುಲಿಗಳು ನನ್ನ ಕೆಮ್ಮು ಕೇಳಿದರೆ ಜೊಯಿಡಾದ ಕಡೆಗೆ ಓಡುತ್ತವೆ. ಅಂಥ ದುರ್ಗಪ್ಪ ನಾನು. ಆದರೂ ಆ ಸೋಮವಾರ ಬೆಳಿಗ್ಗೆ ವಿದ್ಯಾವತಿ ಬಟ್ಟೆಯ ಗಂಟು ಹಿಡಿದು ಗೋದುಬಾಯಿಯವರ ಬಾಗಿಲಲ್ಲಿ ನಿಂತಾಗ ನಾನು ಕಂಬದ ಮರೆಗೆ ಸರಿದೆ.

"ಅಕ್ಕಾರ, ಆಮಿಮರಿ ಸತ್ತೈತ್ರಿ. ನಾನ ಕೊಂದೆ ಅಂತ ತವರಿಗೆ ಅಟ್ಟಾಕತ್ತಾರ."

ಗೋದುಬಾಯಿ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಟ್ಟ ಹಾಳೆ ಆರಿಸಿ ತೆಗೆದವರು. ಸಾಸಿವೆಯಷ್ಟು ಕಲೆಯೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ನಮ್ಮ ಚಾಳಿನ ಕಳವುಗಳನ್ನೆಲ್ಲ ಪತ್ತೆ ಮಾಡಿದವರು ಅವರೇ. ಅರ್ಧ ಪತ್ತೆ ನಾನು ಮಾಡಿದ್ದು ಎಂದು ಬರೆದುಕೊಂಡರೂ ತಕರಾರಿಲ್ಲ.

ನಕ್ಷತ್ರ ಆಮೆಯ ಮರಿ ತಂದರೆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ಯಾರೋ ಸತ್ತೆವ್ವನ ಕಿವಿಯಲ್ಲಿ ಊದಿದ್ದರು. ಸೊಸೆ ವಿದ್ಯಾವತಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಅಂಥ ಆಮೆ ಸಾಕುವುದು ಕಾನೂನಿನಲ್ಲಿ ಅಪರಾಧ. ಮಗ ಸಾಗರ ನಾಲ್ಕು ತಿಂಗಳು ಅಲೆದು, ಹಿಂದಿನ ಸಂಜೆ ಗೋವಾದಿಂದ ಬುತ್ತಿ ಡಬ್ಬಿಯಲ್ಲಿ ಅಡಗಿಸಿ ತಂದಿದ್ದ. ಆ ಡಬ್ಬಿ ಕೊಂಡಾಗ, "ಸಾರು ತುಂಬಿ ಬೋರಲು ಹಾಕ್ರಿ, ಹನಿ ಸೋರೂದಿಲ್ಲ" ಎಂದು ಚಾಳಿಗೆಲ್ಲ ತೋರಿಸಿದ್ದ. ಕೊಚ್ಚಿಕೊಳ್ಳುವವರನ್ನು ಕಂಡರೆ ನನಗಾಗದು.

ನಾವು ಸತ್ತೆವ್ವನ ಮನೆಗೆ ಹೋದಾಗ ಅರ್ಧ ಚಾಳು ಅಲ್ಲೇ ಇತ್ತು. ಟಬ್ಬಿನಲ್ಲಿ ಮರಳು, ಬಾಡಿದ ಕೊತ್ತಂಬರಿ. ಅಂಚಿನಲ್ಲಿ ನಿಂಬೆಹಣ್ಣಿನಷ್ಟು ಜೀವ, ಕತ್ತು ಚಾಚಿ ಬಿದ್ದಿತ್ತು.

"ರಾತ್ರಿ ಟಬ್ ತುಂಬ ಓಡಾಡಿತ್ರಿ," ಎಂದ ಸಾಗರ. "ಮುಂಜಾನೆ ಇಕಿ ಟಬ್ಬಿನ ಮ್ಯಾಲಿನ ಅರಿವಿ ಸರಿಸಿದಾಗ ಸತ್ತಿತ್ತು."

"ಇಕಿ ಕೈಯಾಗ ಯಾವ ಜೀವಾನೂ ನಿಲ್ಲೂದಿಲ್ಲ," ಎಂದಳು ಸತ್ತೆವ್ವ.

ಗೋದುಬಾಯಿ ಟಬ್ಬಿನ ಮೇಲೆ ಬಗ್ಗಿದರು. "ಮರಳು ಯಾರು ಹಾಸಿದ್ರು?"

"ನಾನ್ರಿ," ಎಂದಳು ವಿದ್ಯಾವತಿ. "ಅವರು ಬರೂಕಿಂತ ಮೊದಲ. ಆಮ್ಯಾಲೆ ಮುಟ್ಟಾಕ ಬಿಡಲಿಲ್ರಿ. ಮಲಗೈತಿ ಅಂತ ಅರಿವಿ ಮುಚ್ಚಿದ್ರು."

"ದುರ್ಗಪ್ಪಾ, ಆ ಬುತ್ತಿ ಡಬ್ಬಿ ತಾ."

ಗಾಳಿಗಿಂತ ವೇಗವಾಗಿ ತಂದೆ. ಗೋದುಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರನ್ನೂ ಹತ್ತಿರ ಕರೆದರು.

"ಮರಳ ಮ್ಯಾಲೆ ವಿದ್ಯಾನ ಬೆರಳಿನ ಗೆರಿ ಇದ್ದಂಗ ಅದಾವ, ನೋಡ್ರಿ. ರಾತ್ರಿಯೆಲ್ಲ ಓಡಾಡಿದ್ದಕ್ಕ ಒಂದಾದರೂ ಹೆಜ್ಜಿ ಬ್ಯಾಡೇನು? ಸೊಪ್ಪಿಗೆ ಬಾಯಿ ಹಾಕಿಲ್ಲ. ಸತ್ತದ್ದನ್ನ ತಂದು ಇಲ್ಲಿ ಇಟ್ಟಾರ." ಡಬ್ಬಿಯನ್ನು ಮುಂದೆ ಚಾಚಿದರು. ಒಳಗೋಡೆಯ ತುಂಬ ಕೂದಲೆಳೆಯಂಥ ಗೀರುಗಳು. "ಹನಿ ಸೋರದ ಡಬ್ಬ್ಯಾಗ ಗಾಳಿ ಎಲ್ಲಿಂದ ಬರಬೇಕೋ, ಸಾಗರಾ?"

ಸಾಗರ ಟಬ್ಬಿನ ಅರಿವಿ ಮಡಚತೊಡಗಿದ. "ಅನಮೋಡ ನಾಕಾದಾಗ ತಪಾಸಣಿ ನಡದಾಗ ಡಬ್ಬ್ಯಾಗಿಂದ ಕೆರೆಯೋ ಸಪ್ಪಳ ಕೇಳ್ತಿತ್ರಿ. ಮಂದಿ ಮುಂದ ಮುಚ್ಚಳ ತೆಗದಿದ್ರ ಸಿಕ್ಕಬೀಳ್ತಿದ್ದೆ. ರಾಮನಗರ ಬರೂದ್ರಾಗ ಸಪ್ಪಳ ನಿಂತಿತ್ತು. ಅವ್ವಗ ಏನಂತ ಹೇಳ್ಲಿ?"

ಸತ್ತೆವ್ವ ಸೊಸೆಯ ಕಡೆ ತಿರುಗಿ, "ಗಂಟು ಒಳಗಿಡವಾ," ಎಂದಳು.

ವಿದ್ಯಾವತಿ ಡಬ್ಬಿಯ ಮುಚ್ಚಳವನ್ನು ಗಂಡನ ಕೈಗಿಟ್ಟಳು. ಆಮೆಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನೀವು ಅಟ್ಟೂದು ಬ್ಯಾಡ್ರಿ, ಅತ್ತಿ. ಈಗ ನಾನ ಹೊಂಟೆ."

ಹಳಿಯಾಳದ ಬಸ್ಸಿನವರೆಗೆ ಗಂಟು ಹೊತ್ತವನು ನಾನು. ಆನೆಯನ್ನೇ ಎತ್ತಿದ ತೋಳುಗಳಿವು; ಆ ದಿನ ನಾಲ್ಕು ಸೀರೆ ಹೊರಲು ಎರಡು ಸಲ ನಿಂತೆ.