ಗುಲಗಂಜಿಯ ಮುಳ್ಳುಮರಿ

"ಅಲ್ಲಾಡಬ್ಯಾಡ್ರಿ! ಹಂಗೇ ನಿಂತ್ಕೊಳ್ರಿ!"

ಚನ್ನಗಿರಿ ಬಸ್ ನಿಲ್ದಾಣದ ಪಕ್ಕದ ಹೂವಿನಂಗಡಿಯಲ್ಲಿ ಹೂಮಾಲೆಯನ್ನು ಮಾರು ಅಳೆಯುತ್ತಿದ್ದ ಮೇಘಶ್ರೀಯ ಕೈ ಗಾಳಿಯಲ್ಲೇ ನಿಂತಿತು. ಹಾವೋ? ಚೇಳೋ? ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಭುಜದ ಮೇಲೆ ಯಾರದೋ ಬೆರಳು ಸೋಕಿಯೂ ಸೋಕದಂತೆ ಹಾದುಹೋಯಿತು.

"ಈಗ ಕಣ್ಣು ಬಿಡ್ರಿ."

ಎದುರಿಗೆ ಸೇವಂತಿಗೆ ಬುಟ್ಟಿ ತಂದ ಯುವಕ. ಅವನ ಬೆರಳ ತುದಿಯಲ್ಲಿ ಕೆಂಪು ಬೆನ್ನಿನ, ಕರಿ ಚುಕ್ಕೆಯ ಪುಟ್ಟ ಹುಳ!

"ಇದಕ್ಕಾ ಇಷ್ಟು ಕೂಗಿದ್ದು?" ಮೇಘಶ್ರೀಗೆ ಸಿಟ್ಟು, ನಗು ಎರಡೂ ಬಂದವು.

"ಒರೆಸಿ ಹಾಕಿಬಿಡ್ತೀರೇನೋ ಅಂತ ಜೀವ ಹೋದಂಗಾತು ರೀ. ಗುಲಗಂಜಿ ಹುಳ ಇದು. ಗಿಡದ ಹೇನೆಲ್ಲ ತಿಂದು ಹಾಕ್ತಾವೆ. ಇವು ಇರೋದಕ್ಕೇ ನಾನು ಔಷಧಿ ಹೊಡಿಯಲ್ಲ."

ಹುಳವನ್ನು ಒಂದು ಎಲೆಯ ಮೇಲೆ ಬಿಟ್ಟು, ಆ ಎಲೆಯನ್ನು ಜೇಬಿಗೆ ಹಾಕಿಕೊಂಡು ಹೊರಟ. ಬುಟ್ಟಿ ಇಳಿಸುವುದನ್ನೇ ಮರೆತಿದ್ದ. ಮತ್ತೆ ತಿರುಗಿ ಬಂದಾಗ ಅವನ ಕಿವಿ ಕೆಂಪಾಗಿತ್ತು.

ಅವನು ನಲ್ಲೂರಿನ ಗುರುಬಸವರಾಜ್. ಅಡಿಕೆ ಬೆಳೆಯುವವರ ನಡುವೆ ಹೂ ಬೆಳೆಯಲು ಹೊರಟ ಒಬ್ಬನೇ ಪುಣ್ಯಾತ್ಮ. ಔಷಧಿ ಹೊಡೆದ ಹೂ ಕಟ್ಟಿ ಕಟ್ಟಿ ಮೇಘಶ್ರೀಯ ಅವ್ವ ನಿರ್ಮಲಮ್ಮನ ಬೆರಳೆಲ್ಲ ತುರಿಕೆ ಎದ್ದು ಒಡೆದಿದ್ದವು. ಗುರುವಿನ ಹೂ ಬರತೊಡಗಿದ ಮೇಲೆ ಕೈ ವಾಸಿಯಾಯಿತು.

ಅವ್ವನಿಗೆ ಹೂ ಹಿಡಿಸಿತು. ಮಗಳಿಗೆ ಹೂ ತಂದವನು ಹಿಡಿಸಿದ. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಅವಳಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ.

ಒಂದು ದಿನ ಗುರು ತಡವರಿಸುತ್ತಾ ಬಂದ.

"ಸೊಕ್ಕೆ ಊರಾಗೆ ನಮ್ಮಕ್ಕನ ಮನೆ ಗೃಹಪ್ರವೇಶ ಐತೆ, ನಾಲ್ಕು ದಿನ ನಾನಿರಲ್ಲ. ಪಕ್ಕದ ಹೊಲದ ಹನುಮಣ್ಣ ನೀರು ಬಿಡ್ತಾನೆ. ನೀವು ಒಂದ್ಸಲ ಹೋಗಿ ಗಿಡ ನೋಡ್ಕೊಂಡು ಬರ್ತೀರಾ? ನೀವು ನೋಡಿದ್ರೆ… ನನಗೆ ಸಮಾಧಾನ."

ಹೂ ಬೆಳೆಯುವವನು ತನ್ನ ತೋಟವನ್ನೇ ನೋಡಿಕೊಳ್ಳಿ ಎಂದರೆ ಮತ್ತೇನು ಹೇಳಬೇಕು! ಮೇಘಶ್ರೀ ಮಾರನೆಯ ದಿನವೇ ಬಸ್ ಹತ್ತಿದಳು.

ಸೇವಂತಿಗೆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗುಲಗಂಜಿ ಹುಳ ಕಂಡಿತು. "ಆರಾಮಿದೀರಾ?" ಎಂದು ಮಾತಾಡಿಸಿ ನಕ್ಕಳು. ಮರುಕ್ಷಣ ನಗು ಮಾಯವಾಯಿತು. ಮೊಗ್ಗಿನ ಕುತ್ತಿಗೆಯಲ್ಲೆಲ್ಲ ಕರಿ ಹುಳಗಳು! ಮೈತುಂಬ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಕಲೆ, ನೋಡಿದರೇ ಮೈ ಜುಮ್ಮೆನ್ನುವಂಥವು.

'ಅಯ್ಯೋ! ಅವರು ಬರೋದ್ರೊಳಗೆ ಮೊಗ್ಗೆಲ್ಲ ತಿಂದು ಮುಗಿಸ್ತಾವಲ್ಲಾ…'

ಡಬ್ಬಿಯಲ್ಲಿ ಸಾಬೂನು ನೀರು ಕದಡಿಕೊಂಡಳು. ಸುಡುವ ಬಿಸಿಲಿನಲ್ಲಿ ಬಗ್ಗಿ ಬಗ್ಗಿ, ಸಾಲು ಸಾಲು ಹುಡುಕಿ, ಒಂದೊಂದನ್ನೇ ಆರಿಸಿ ಮುಳುಗಿಸಿದಳು. ಸೊಂಟ ಬಿದ್ದುಹೋಯಿತು. ಸಂಜೆ ಡಬ್ಬಿಯನ್ನು ಬದುವಿನ ಮೇಲೆ ಚೆಲ್ಲಿ, ಅರಳಿದ ಹೂವನ್ನು ಬುಟ್ಟಿಗೆ ಕಿತ್ತುಕೊಂಡು ಊರಿಗೆ ಬಂದಳು.

'ನಾನು ಹೇಳಲ್ಲ. ಅವರೇ ನೋಡಿ ಖುಷಿಪಡಲಿ…'

ವಾರ ಕಳೆಯುವುದರೊಳಗೆ ಗುರು ಅಂಗಡಿಗೆ ಬಂದ. ಬುಟ್ಟಿಯಲ್ಲಿ ಮುದುಡಿದ ಹೂಗಳು. ದಂಟೆಲ್ಲ ಅಂಟಂಟು, ಮುಟ್ಟಿದರೆ ಕೈತುಂಬ ಹೇನು.

"ಊರಿಂದ ಬರೋ ಹೊತ್ತಿಗೆ ಗುಲಗಂಜಿ ಹುಳದ ಮರಿ ಒಂದೂ ಇಲ್ಲ ರೀ! ಇರೋ ನಾಲ್ಕಾರು ದೊಡ್ಡ ಹುಳಕ್ಕೆ ಇಷ್ಟು ಹೇನು ತಿನ್ನಾಕೆ ಆಗುತ್ತಾ? ಇದು ಹನುಮಣ್ಣನದೇ ಕೆಲಸ. ಅವನ ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಬಂದೈತೆ. ಜಗಳ ಆಡಿ, ನಮ್ಮ ಬೋರಿಂದ ಅವನ ಹೊಲಕ್ಕೆ ಬಿಟ್ಟಿದ್ದ ನೀರಿನ ಪೈಪು ಕಿತ್ತು ಹಾಕ್ದೆ."

"ಅವರು ಏನಂದ್ರು?"

"ತಲೆ ತಗ್ಗಿಸಿ ನಿಂತಿದ್ದ. ತಪ್ಪು ಮಾಡಿದೋನು ಮತ್ತೇನಂತಾನೆ? ಸಾಕಾತು ರೀ. ನಾಳೆ ಬೆಳಗ್ಗೆ ನಾನೂ ಔಷಧಿ ಹೊಡೆದುಬಿಡ್ತೀನಿ." ಬುಟ್ಟಿ ಎತ್ತಿಕೊಂಡ. "ಅವ್ವಾರಿಗೆ ಹೇಳ್ರಿ, ಇನ್ನ ನನ್ನ ಹೂ ಕಟ್ಟಬ್ಯಾಡ ಅಂತ. ನಿಮ್ಮನ್ನ ಬಿಟ್ರೆ ಇನ್ನ ಯಾರನ್ನೂ ನಂಬಲ್ಲ ನಾನು."

ಅವನು ಹೋದ. ಮೇಘಶ್ರೀಗೆ ಕಿವಿಯಲ್ಲಿ ಒಂದೇ ಮಾತು. ಹುಳದ ಮರಿ… ಮರಿ ಹೇಗಿರುತ್ತದೆ? ತಾನು ಎಂದೂ ಕೇಳಿರಲಿಲ್ಲವಲ್ಲ!

ಮೂಲೆಯಲ್ಲಿ ತಾನು ಅಂದು ತಂದಿದ್ದ ಬುಟ್ಟಿ ಬಿದ್ದಿತ್ತು. ಅದರ ಅಂಚಿನಲ್ಲಿ ಏನೋ ಮಿಸುಕಿದಂತಾಯಿತು. ಕಣ್ತಪ್ಪಿ ಉಳಿದು ಬುಟ್ಟಿಯ ಜೊತೆ ಬಂದಿದ್ದ ಒಂದು ಮುಳ್ಳುಹುಳ ಅಲ್ಲೇ ಅಂಟಿಕೊಂಡು ಗುಂಡಗಾಗಿತ್ತು. ಈಗ ಅದರ ಬೆನ್ನು ಬಿರಿಯುತ್ತಿತ್ತು. ಒಳಗಿನಿಂದ ಹಸಿ ಹಳದಿ ಬಣ್ಣದ ಹುಳವೊಂದು ಹೊರಬಂತು. ನೋಡನೋಡುತ್ತ ಹಳದಿ ಗಾಢವಾಗಿ ಕೆಂಪಿಗೆ ತಿರುಗತೊಡಗಿತು, ಒಂದೊಂದೇ ಕರಿ ಚುಕ್ಕೆ ಮೂಡಿತು.

ಗುಲಗಂಜಿ ಹುಳ!

'ಅಯ್ಯೋ ದೇವರೇ… ನಾನು ಮುಳುಗಿಸಿದ್ದು ಇವುಗಳನ್ನೇ!'

ಕೈಯಲ್ಲಿದ್ದ ದಾರ ಜಾರಿತು. ಒಂದೊಂದಾಗಿ ಆರಿಸಿದ್ದಳಲ್ಲ, ಒಂದೂ ಬಿಡದಂತೆ, ಅಷ್ಟು ಪ್ರೀತಿಯಿಂದ! ಅದಕ್ಕೆ ಬೈಸಿಕೊಂಡವನು ಹನುಮಣ್ಣ. ಅವಳಿಗೆ ಸಿಕ್ಕಿದ್ದು 'ನಿಮ್ಮನ್ನು ಬಿಟ್ಟರೆ ಯಾರನ್ನೂ ನಂಬಲ್ಲ' ಎಂಬ ಮಾತು!

ಗುರು ಔಷಧಿ ಹೊಡೆಯುತ್ತಾನೆಂದು ಕೇಳಿ ನಿರ್ಮಲಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. "ತುರಿಸಿದ್ರೆ ತುರಿಸ್ಲಿ ಬಿಡು. ಪಾಪ, ಆ ಹುಡುಗ ತಾನೇ ಏನು ಮಾಡಾಕೆ ಆಗುತ್ತೆ?"

ಮೇಘಶ್ರೀ ತಟ್ಟೆ ಸರಿಸಿ ಎದ್ದಳು. ಹೇಳಿದರೆ ಅವನು ಮುಖ ನೋಡುವುದಿಲ್ಲ. ಹೇಳದಿದ್ದರೆ ತನ್ನ ಮುಖ ತಾನೇ ನೋಡಿಕೊಳ್ಳಲಾರಳು.

ಬೆಳಗಿನ ಮೊದಲ ಬಸ್ಸಿಗೆ ನಲ್ಲೂರಿಗೆ ಓಡಿದಳು. ಗುರು ಆಗಲೇ ಬೆನ್ನಿಗೆ ಪಂಪು ಏರಿಸಿದ್ದ.

"ಹೊಡಿಬ್ಯಾಡ್ರಿ!" ಸಾಲಿಗೆ ಅಡ್ಡ ನಿಂತಳು. ಏದುಸಿರು. "ಹನುಮಣ್ಣ ಅಲ್ಲ… ನಾನು. ಮರಿಗಳನ್ನ ಕೊಂದಿದ್ದು ನಾನು. ಮೊಗ್ಗು ತಿನ್ನೋ ಹುಳ ಅಂದ್ಕೊಂಡು… ಒಂದೊಂದೇ ಆರಿಸಿ ಸಾಬೂನು ನೀರಿಗೆ ಹಾಕ್ದೆ."

ಗುರು ಪಂಪಿನ ಹಿಡಿಯಿಂದ ಕೈ ತೆಗೆದ. ಅವನ ಮುಖದ ಬಣ್ಣ ಇಳಿಯಿತು. ಮೇಘಶ್ರೀ ಕಾದಳು. ಬೈಯಲಿ, ಹೋಗು ಎನ್ನಲಿ, ಏನಾದರೂ ಅನ್ನಲಿ!

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಹೋದ ಮ್ಯಾಲೆ ಗೊತ್ತಾಗಿದ್ದು. ಆದ್ರೆ ರಾತ್ರಿಯೆಲ್ಲ ನಡುಗಿದ್ದು ಹುಳಗಳಿಗಾಗಿ ಅಲ್ಲ. ನೀವು ಇನ್ನ ನನ್ನ ಜೊತೆ ಮಾತಾಡಲ್ಲವೇನೋ ಅಂತ." ಕಣ್ಣೀರು ಧಾರೆಯಾಯಿತು. "ಅಷ್ಟು ಸ್ವಾರ್ಥಿ ನಾನು."

ಅವನು ನಿಧಾನವಾಗಿ ಪಂಪು ಇಳಿಸಿದ.

"ಕೆಂಪಗೆ ಚಂದ ಇರೋದನ್ನ ಮಾತ್ರ ನಿಮಗೆ ತೋರ್ಸಿದೆ. ಆ ಮುಳ್ಳುಮರಿ ತೋರ್ಸಿದ್ರೆ ಅಸಹ್ಯ ಪಟ್ಕೊಂಡು ಇತ್ತ ಬರೋದೇ ಬಿಡ್ತೀರೇನೋ ಅಂತ ಹೆದರಿದ್ದೆ. ತಪ್ಪು ನಂದೂ ಐತೆ. ಆದ್ರೆ ಹನುಮಣ್ಣಂಗೆ ನಾನು ಅಂದಿದ್ದು…" ಹನುಮಣ್ಣನ ಹೊಲದ ಕಡೆ ತಿರುಗಿದ.

ಇಬ್ಬರೂ ಬದು ದಾಟಿದರು. ಹನುಮಣ್ಣ ಟೊಮೆಟೊ ಗಿಡಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದ. ಗುರು ಹೋದವನೇ ಆ ಕೊಡ ಇಸಿದುಕೊಂಡ. ಮೇಘಶ್ರೀ ಅಳುತ್ತಲೇ ಎಲ್ಲ ಹೇಳಿದಳು.

"ನನಗೆ ಗೊತ್ತಿತ್ತು ಕಣವ್ವಾ."

"ಗೊತ್ತಿತ್ತಾ?"

"ಅವತ್ತು ನೀನು ಬಗ್ಗಿದ್ದು ಕಂಡು ಕಳೆ ತೆಗೀತೈತೆ ಮಗಳು ಅನ್ಕಂಡೆ. ಆಮ್ಯಾಲೆ ಬದುವಿನ ಮ್ಯಾಲೆ ಚೆಲ್ಲಿದ್ದು ನೋಡಿದೆ. ಬಿಸಿಲಾಗೆ ಅಷ್ಟು ಒದ್ದಾಡಿದ ಮಗು ಹೆಸರು ನಾನ್ಯಾಕೆ ಹೇಳ್ಲಿ? ಹೇಳೋದಾದ್ರೆ ನೀನೇ ಹೇಳ್ತೀಯ ಅಂತಿದ್ದೆ."

ಮೇಘಶ್ರೀ ಅವನ ಕಾಲಿಗೆ ಬಗ್ಗಿದಳು. ಅವನು ಹಿಂದೆ ಸರಿದು ಗುರುವಿನ ಕಡೆ ತಿರುಗಿದ.

"ಏ ತಮ್ಮಾ, ನಿನ್ನ ಹುಳ ಬರ್ತಾವೆ ಅಂತ ಆ ಅಂಚಿನ ಅವರೆ ಸಾಲಿಗೆ ನಾನು ಯಾವತ್ತೂ ಔಷಧಿ ಮುಟ್ಸಿಲ್ಲ. ಹೋಗಿ ನೋಡು."

ಅವರೆ ಬಳ್ಳಿಯಲ್ಲಿ ಹೇನಿನ ನಡುವೆ ಮುಳ್ಳುಮರಿಗಳು! ಗುರು ಬಳ್ಳಿಯ ಪಕ್ಕ ಕುಳಿತು ಮುಖ ಮುಚ್ಚಿಕೊಂಡ. ಹನುಮಣ್ಣ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಮೊದ್ಲು ಪೈಪು ಹಾಕು. ಆಮ್ಯಾಲೆ ಅಳುವಂತೆ."

ಪೈಪು ಸೇರಿಸಿದ ಮೇಲೆ ಗುರು, ಮೇಘಶ್ರೀ ಇಬ್ಬರೂ ಮರಿಗಳನ್ನು ಎಲೆ ಸಮೇತ ಕಿತ್ತು ತಂದು ಸೇವಂತಿಗೆ ಗಿಡಗಳಿಗೆ ಬಿಡತೊಡಗಿದರು. ಅಂದು ಮುಳುಗಿಸಿದವು ತಿರುಗಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗುರು ಅವಳ ಸಾಲಿನಲ್ಲೇ ಉಳಿದ.

ಇದ್ದಕ್ಕಿದ್ದಂತೆ ಅವಳು ಕೂಗಿದಳು.

"ಅಲ್ಲಾಡಬ್ಯಾಡ್ರಿ! ಹಂಗೇ ನಿಂತ್ಕೊಳ್ರಿ!"

ಅವನ ಅಂಗಿಯ ಕಾಲರಿನ ಮೇಲೆ ಒಂದು ಮರಿ ಹತ್ತಿತ್ತು.

"ತೆಗೀರಿ ಮತ್ತೆ."

"ಇಲ್ಲ, ಇನ್ನೊಂದ್ಸಲ ಅವಸರ ಮಾಡಲ್ಲ. ಇದು ಗುಲಗಂಜಿ ಆಗೋವರೆಗೂ ಕಾಯ್ತೀನಿ."

"ಭಾಳ ದಿನ ಆಗುತ್ತೆ ಮೇಘಾ…"

ಅವನು ಹಾಗೆ ಕರೆದದ್ದು ಅದೇ ಮೊದಲು.

"ಆಗ್ಲಿ. ನಿಮ್ಮ ಪಕ್ಕದಾಗೇ ನಿಂತಿರ್ತೀನಿ."

"ಅದು ಹಾರಿ ಹೋದ ಮ್ಯಾಲೆ?"

"ಆಮ್ಯಾಲೂ."