ಕೋಟಿಗೆ ಬಿದ್ದ ಹಸಿರು ಟಿಕ್

ಕೊಕ್ಕೆ ಇತ್ತು. ಕೊಕ್ಕೆಗೆ ಸಿಕ್ಕಿಸಿದ ಹೆಸರಿನ ಚೀಟಿ ಇತ್ತು. ಕೋಟು ಇರಲಿಲ್ಲ.

"ಮಾಯ!" ಅಂದ ಜಾದೂಗಾರ.

ಅಂದವನು ತಾನೇ ಬೆಚ್ಚಿಬಿದ್ದ. ಇದೇ ಮಾತನ್ನು ವೇದಿಕೆಯ ಮೇಲೆ ಕೈ ಬೀಸಿ ಖುಷಿಯಾಗಿ ಹೇಳಿಕೊಂಡು ಬಂದ ಮನುಷ್ಯ. ತನ್ನದೇ ವಸ್ತು ಮಾಯವಾದರೆ ಹೇಗಿರುತ್ತದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು.

ಲಾಂಡ್ರಿಯ ಕೌಂಟರಿನ ಮುಂದೆ ಗಿರಾಕಿಗಳು ಬಟ್ಟೆಗಂಟು ಹಿಡಿದು ನಿಂತಿದ್ದರು. ಕೌಂಟರಿನ ಹಿಂದೆ ಯಜಮಾನರು ಮೆತ್ತೆ ಹಾಕಿದ ದೊಡ್ಡ ಮರದ ಕುರ್ಚಿಯಲ್ಲಿ ಕೂತಿದ್ದರು. ಅವರು ಫೋನ್ ಎತ್ತಿ ತೆರೆ ತೋರಿಸಿದರು.

"ನೋಡಿ. ನಿಮ್ಮ ಕಪ್ಪು ರೇಷ್ಮೆ ಕೋಟಿಗೆ ನಾಲ್ಕು ಕೆಲಸ. ಕಲೆ ತೆಗೆಯೋದು, ಇಸ್ತ್ರಿ, ಕವರ್ ಹಾಕೋದು, ಇಲ್ಲಿ ಕೌಂಟರಲ್ಲಿ ನಿಮ್ಮ ಕೈಗೆ ಕೊಡೋದು. ಕಲೆ ನಿನ್ನೆಯೇ ತೆಗೆದಾಯ್ತು. ಇಸ್ತ್ರಿಗೆ ಇವತ್ತು ಹಸಿರು ಟಿಕ್ ಬಿದ್ದಿದೆ. ಬೆಳಗ್ಗೆ, ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ. ಟಿಕ್ ಯಾರ ಹೆಸರಲ್ಲಿದೆ, ನೀವೇ ಓದಿ."

ಟಿಕ್ ಇಸ್ತ್ರಿ ಅಕ್ಕನ ಹೆಸರಿನಲ್ಲಿತ್ತು.

ಅಕ್ಕ ಇಸ್ತ್ರಿ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ನಾನು ಆ ಕೋಟು ಮುಟ್ಟೇ ಇಲ್ಲ ಯಜಮಾನ್ರೆ."

"ಫೋನು ಸುಳ್ಳು ಹೇಳುತ್ತಾ?" ಯಜಮಾನರ ದನಿ ಏರಿತು. ಎದುರು ಸಾಲಿನ ಸಲೂನಿನವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದ. "ಕೊನೆಗೆ ಮುಟ್ಟಿದ್ದು ನೀನು. ಕೋಟು ಎಲ್ಲಿಗೆ ಸಾಗಿಸಿದೆ? ನಾಳೆಯಿಂದ ನೀನು ಬರೋದು ಬೇಡ. ಪೊಲೀಸು ಗಿಲೀಸು ಅಂತ ದೊಡ್ಡದು ಮಾಡಲ್ಲ. ಕೋಟಿನ ಬೆಲೆ ನಾನೇ ಕೊಟ್ಟುಬಿಡ್ತೀನಿ."

"ಬೆಲೆ ಯಾರಿಗೆ ಬೇಕು ಸ್ವಾಮಿ?" ಜಾದೂಗಾರ ಕೂಗಿದ. "ಸಂಜೆ ಪ್ರದರ್ಶನ! ಆ ಕೋಟಿನಲ್ಲಿ ಹದಿನಾಲ್ಕು ಜೇಬು. ಪಾರಿವಾಳ ಎಲ್ಲಿಡ್ಲಿ, ಪ್ಯಾಂಟಲ್ಲಾ?"

ಒಬ್ಬ ಗಿರಾಕಿ ನಕ್ಕ. ಅಕ್ಕ ನಗಲಿಲ್ಲ. ಅವರ ಕಣ್ಣು ಬೀದಿಯ ಮೇಲಿತ್ತು. ಅಲ್ಲಿ ನಿಂತವರೆಲ್ಲ ಅವರನ್ನೇ ನೋಡುತ್ತಿದ್ದರು.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ವರದಿಗಾರ್ತಿ ಪೆನ್ನಿನ ಮುಚ್ಚಳ ಹಾಕಿದಳು. ದಿನಪತ್ರಿಕೆಗೆ ಅವಳು ಬರೆಯಬೇಕಿದ್ದದ್ದು ಈ ಆಪ್ ಬಗ್ಗೆಯೇ. ಕೆಲಸ ಹಂಚುತ್ತದೆ, ನೆನಪಿಸುತ್ತದೆ, ಹೊತ್ತು ಮೀರಿದರೆ ಕೆಂಪು ಚುಕ್ಕೆ ತೋರಿಸುತ್ತದೆ, ಮುಗಿದರೆ ಟಿಕ್ ಹಾಕಿಸಿಕೊಂಡು 'ಟಿಂಗ್' ಅನ್ನುತ್ತದೆ. ಬಳಸುವವರ ಅನುಭವ ಕೇಳಲೆಂದು ಬಂದಿದ್ದಳು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಿಸಿಯೂ ಆಗಿತ್ತು.

"ಸರ್, ಮಧ್ಯಾಹ್ನದ ತನಕ ಯಾರನ್ನೂ ಕಳಿಸ್ಬೇಡಿ," ಅಂದಳು. "ನಿಮ್ಮ ಲಾಂಡ್ರಿ ಬಗ್ಗೆ ಬರೀತಿದ್ದೀನಿ. ಕೋಟು ಕಳೆದುಹೋಯ್ತು ಅಂತ ಮುಗಿಸೋಕೆ ನನಗೂ ಇಷ್ಟ ಇಲ್ಲ."

ಯಜಮಾನರಿಗೆ ಅದು ಹಿಡಿಸಿತೋ ಇಲ್ಲವೋ, ಪತ್ರಿಕೆಯ ಮಾತು ಬಂದಮೇಲೆ ತಲೆಯಾಡಿಸಲೇಬೇಕಾಯಿತು.

* * *

ಇಸ್ತ್ರಿ ಕೋಣೆ ಕಿರಿದು. ಉದ್ದನೆಯ ಮೇಜು, ಹಬೆಯ ಟ್ಯಾಂಕು, ಗೋಡೆಗೆ ಒಂದು ಟ್ಯಾಬ್ಲೆಟ್. ಟ್ಯಾಬ್ಲೆಟ್‌ನಲ್ಲಿ ಆಪ್ ಸದಾ ತೆರೆದಿರುತ್ತದೆ, ಅಕ್ಕನ ಹೆಸರಿನಲ್ಲಿ.

"ಇದನ್ನ ಯಾರು ಬೇಕಾದ್ರೂ ಒತ್ತಬಹುದಲ್ಲ ಅಕ್ಕ?" ವರದಿಗಾರ್ತಿ ಕೇಳಿದಳು.

"ಒತ್ತಬಹುದು. ಆದ್ರೆ ಯಾರು ಒತ್ತಾರೆ? ನಾನೇ ಒತ್ತೋಕೆ ಮರೀತೀನಿ ಅಂತ ದಿನಾ ಬೈಸ್ಕೊಳ್ತೀನಿ. ಆಗಲೇ ಹೇಳಿದ್ನಲ್ಲಮ್ಮ ನಿಂಗೆ, ಕೈಯೆಲ್ಲ ಒದ್ದೆ ಇರುತ್ತೆ. ಒದ್ದೆ ಬೆರಳಿಗೆ ಅದು ಬಗ್ಗೋದೇ ಇಲ್ಲ. ಸಂಜೆ ಮನೆಗೆ ಹೋಗೋವಾಗ ಕೈ ಒರೆಸ್ಕೊಂಡು ಎಲ್ಲಾ ಒಟ್ಟಿಗೆ ಕುಟ್ಟಿಬಿಡ್ತೀನಿ."

"ಬೆಳಗ್ಗೆ ಆ ಹೊತ್ತಲ್ಲಿ ನೀವು ಎಲ್ಲಿದ್ರಿ?"

"ಹಿತ್ತಲಲ್ಲಿ, ಟ್ಯಾಂಕಿಗೆ ನೀರು ಹಿಡೀತಿದ್ದೆ. ಯಾರೂ ನೋಡಿಲ್ಲ. ಒಳಗೆ ಬಂದಾಗ ಕೋಟು ಇರ್ಲಿಲ್ಲ. ಟಿಕ್ ಬಿದ್ದಿತ್ತು. ಸರಿ, ಯಾರೋ ಮುಗಿಸಿ ಕವರ್ ಹಾಕೋಕೆ ಒಯ್ದಿದ್ದಾರೆ ಅಂದ್ಕೊಂಡೆ." ಅಕ್ಕ ಮೂಗು ಉಜ್ಜಿಕೊಂಡರು. "ಗಾಳಿ ಎಳೆಯೋ ಫ್ಯಾನು ಬೇರೆ ತಿರುಗ್ತಿತ್ತು. ದಿನಾ ಅದನ್ನ ಹಾಕೋಳು ನಾನು. ಇವತ್ತು ನಾನಿನ್ನೂ ಹಾಕಿರ್ಲಿಲ್ಲ."

ವರದಿಗಾರ್ತಿ ಫ್ಯಾನು ನೋಡಿದಳು. ಕಿಟಕಿ ನೋಡಿದಳು. ಹೊರಗೆ ಚಳಿ, ಆದರೂ ಕಿಟಕಿ ಪೂರ್ತಿ ತೆರೆದಿತ್ತು.

"ನನ್ನ ಕೈ ಸುಟ್ಟಿದೆ, ಸೊಂಟ ಬಿದ್ದಿದೆ, ಅದಕ್ಕೆಲ್ಲ ಬೇಜಾರಿಲ್ಲ ಕಣಮ್ಮ," ಅಂದರು ಅಕ್ಕ. "ಕಳ್ಳಿ ಅಂತ ಬೀದಿಗೆ ಕೇಳೋ ಹಾಗೆ ಅಂದುಬಿಟ್ರಲ್ಲ. ಇನ್ನು ನನಗೆ ಬಟ್ಟೆ ಅಂತ ಯಾರು ಕೊಡ್ತಾರೆ?"

* * *

ಪಕ್ಕದ ಕೋಣೆಯಲ್ಲಿ ಕಲೆ ತೆಗೆಯುವ ತಾತ ಒಂದು ಶರ್ಟಿನ ಶಾಯಿ ಕಲೆಯ ಜತೆ ಸೆಣಸುತ್ತಿದ್ದರು. ಅವರ ಬಳಿ ಫೋನೇ ಇಲ್ಲ.

"ತಾತ, ನಿಮ್ಮ ಟಿಕ್ ಯಾರು ಹಾಕ್ತಾರೆ?"

"ಅವನೇ, ನಮ್ಮ ಯಜಮಾನ. ದಿನಕ್ಕೆ ನೂರು ಸಲ ಬಂದು ಇಣುಕ್ತಾನೆ. ಆಯ್ತಾ ತಾತ, ಆಯ್ತಾ ತಾತ, ಅಂತ. ಕೆಂಪು ಚುಕ್ಕೆ ಕಂಡ್ರೆ ಅವನಿಗೆ ಮೈಯೆಲ್ಲ ತುರಿಕೆ." ತಾತ ಕುಲುಕುಲು ನಕ್ಕರು. "ಇವತ್ತು ಮಾತ್ರ ಪುಣ್ಯಾತ್ಮ ಸಿಂಹಾಸನ ಬಿಟ್ಟು ಇಳಿದಿಲ್ಲ. ಬೆಳಗ್ಗಿಂದ ಒಂದ್ಸಲಾನೂ ಇಣುಕಿಲ್ಲ. ಪೇಪರಿನವರು ಬಂದಿದ್ದಾರಲ್ಲ, ಸ್ವಲ್ಪ ಎತ್ತರಾನೂ ಆಗಿಬಿಟ್ಟಿದ್ದಾನೆ."

ಹೊರಗೆ ವ್ಯಾನಿಗೆ ಒರಗಿಕೊಂಡು ಯಜಮಾನರ ಭಾವಮೈದುನ ನಿಂತಿದ್ದ. ಬಟ್ಟೆ ತಲುಪಿಸುವುದು ಇವನ ಕೆಲಸ. ವರದಿಗಾರ್ತಿಯನ್ನು ಕಂಡು ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಆಪ್ ಬಗ್ಗೆ ಹೇಳಿದ್ದೆಲ್ಲ ಮುಗೀತಲ್ಲ ಮೇಡಂ?"

"ಮುಗೀತು. ಬೆಳಗ್ಗೆ ಎದ್ದ ತಕ್ಷಣ ಇಡೀ ದಿನದ ಟಿಕ್ ಹಾಕಿಬಿಡ್ತೀನಿ, ಆಮೇಲೆ ಆರಾಮಾಗಿ ಕೆಲಸ ಮಾಡ್ತೀನಿ ಅಂದ್ರಿ. ವ್ಯಾನಲ್ಲಿ ಏನಿದೆ?"

"ಏನಿಲ್ಲ. ಗಾಳಿ."

"ಗಾಳಿಗೆ ಯಾಕೆ ಬೀಗ?"

ಅವನು ಕಿವಿ ಕೆರೆದುಕೊಂಡ. ಬೀಗ ಮಾತ್ರ ತೆಗೆಯಲಿಲ್ಲ.

ಜಾದೂಗಾರ ಬೀದಿಯಲ್ಲಿ ಆಚೆಯಿಂದ ಈಚೆ, ಈಚೆಯಿಂದ ಆಚೆ ಓಡಾಡುತ್ತಿದ್ದ. ಜಾದೂಗಾರನ ಕೋಟೇ ಮಾಯವಾಯಿತೆಂದರೆ ಪತ್ರಿಕೆಯಲ್ಲಿ ಬಿಟ್ಟಿ ಪ್ರಚಾರ ಎಂಬ ಅನುಮಾನ ವರದಿಗಾರ್ತಿಗೆ ಒಂದು ಗಳಿಗೆ ಬಂದಿತ್ತು. ಅವನ ಮುಖ ನೋಡಿ ಬಿಟ್ಟುಕೊಟ್ಟಳು. ಪ್ರಚಾರ ಬೇಕಾದವನು ಹೀಗೆ ಉಗುರು ಕಚ್ಚುವುದಿಲ್ಲ.

* * *

ಅವಳು ಕೌಂಟರಿಗೆ ಬಂದಳು. ಯಜಮಾನರ ತಲೆಯ ಮೇಲೆ ಗೋಡೆಯಲ್ಲಿ ಬೋರ್ಡಿತ್ತು: ಮಾಡದೆ ಟಿಕ್ ಹಾಕಬಾರದು.

"ಸರ್, ಒಮ್ಮೆ ಇಡೀ ಅಂಗಡಿ ಹುಡುಕಿಬಿಡೋಣ. ಅದನ್ನೂ ಆಪ್‌ಗೇ ಹಾಕಿದ್ರೆ? ನನ್ನ ಲೇಖನಕ್ಕೂ ಚೆನ್ನಾಗಿರುತ್ತೆ."

ಯಜಮಾನರ ಮುಖ ಅರಳಿತು. ಆಪ್ ಅಂದರೆ ಅವರಿಗೆ ಹಾಗೆ. "ಹೇಳಿ, ಹೇಳಿ."

"ಇಸ್ತ್ರಿ ಕೋಣೆ ನಾನೂ ಅಕ್ಕನೂ. ಕಲೆ ತೆಗೆಯೋ ಕೋಣೆ, ಯಾರೂ ಬಂದು ಕೇಳದ ಹಳೇ ಬಟ್ಟೆ ತೂಗುಹಾಕಿರೋ ಕಡೆ, ಎರಡೂ ತಾತ. ವ್ಯಾನು ನಿಮ್ಮ ಭಾವಮೈದುನ, ಜತೆಗೆ ಜಾದೂಗಾರರು." ಯಜಮಾನರು ಒತ್ತುತ್ತಾ ಹೋದರು. "ಕೌಂಟರು ನೀವು."

ಬೆರಳು ನಿಂತಿತು.

"ಕೌಂಟರಲ್ಲಿ ಏನಿರುತ್ತೆ?"

"ಏನೂ ಇರಲ್ಲ. ಆದ್ರೆ ಬಿಟ್ರೆ ಲೆಕ್ಕ ಪೂರ್ತಿ ಆಗಲ್ಲವಲ್ಲ."

ಅದೂ ನಿಜವೇ. ಯಜಮಾನರು ಒತ್ತಿದರು. ಆಪ್ ಇದ್ದ ಫೋನುಗಳೆಲ್ಲ ಒಮ್ಮೆಲೇ ಗುಂಯ್‌ಗುಟ್ಟಿದವು.

ಮೊದಲ ಕೂಗು ವ್ಯಾನಿನಿಂದ ಬಂತು. "ಸಿಕ್ತು! ಕಪ್ಪು ಕೋಟು! ಕಳ್ಳ ಸಿಕ್ಕಿಬಿದ್ದ!"

ಯಜಮಾನರನ್ನು ಬಿಟ್ಟು ಎಲ್ಲರೂ ಓಡಿದರು. ಜಾದೂಗಾರ ಕೋಟು ಹಿಡಿದು ಕೊಡವಿದ. ಪಾರಿವಾಳದ ಗರಿ ಬೀಳಲಿಲ್ಲ. ಎರಡೇ ಜೇಬು. ಕಾಲರಿನ ಕೆಳಗೆ ಚೀಟಿ: ವಕೀಲರದ್ದು, ನಿನ್ನೆಯ ತಾರೀಕು.

"ಇದು ನಿನ್ನೆಯೇ ತಲುಪಬೇಕಿತ್ತಲ್ಲ?" ವರದಿಗಾರ್ತಿ ಒಳಗೆ ಬಗ್ಗಿದಳು. ವ್ಯಾನಿನ ತುಂಬ ಕವರ್ ಹಾಕಿದ ಬಟ್ಟೆಗಳು. ಆಪ್‌ನಲ್ಲಿ ಎಲ್ಲದಕ್ಕೂ ನಿನ್ನೆಯೇ ತಲುಪಿಸಿದ ಟಿಕ್.

"ಮ್ಯಾಚ್ ಇತ್ತು ಮೇಡಂ," ಭಾವಮೈದುನ ಪಿಸುಗುಟ್ಟಿದ. "ಭಾವನಿಗೆ ಹೇಳ್ಬೇಡಿ. ಇವತ್ತು ಹಂಚ್ಬಿಡ್ತೀನಿ. ವಕೀಲರು ಫೋನ್ ಮಾಡಿ ಕೋರ್ಟಿಗೆ ಸ್ವೆಟರ್ ಹಾಕ್ಕೊಂಡು ಹೋದೆ ಅಂತ ಬೈದ್ರು."

ವ್ಯಾನು ಮುಗಿಯಿತು, ಟಿಂಗ್. ಕಲೆ ತೆಗೆಯುವ ಕೋಣೆ, ಹಳೇ ಬಟ್ಟೆಯ ಸಾಲು, ತಾತನ ಬದಲು ಯಜಮಾನರೇ ಒತ್ತಿದರು, ಟಿಂಗ್. ಇಸ್ತ್ರಿ ಕೋಣೆ, ಟಿಂಗ್. ಎಲ್ಲೂ ಕೋಟಿಲ್ಲ. ಎಲ್ಲರೂ ಕೌಂಟರಿನ ಮುಂದೆ ಸೇರಿದರು. ಆಪ್‌ನಲ್ಲಿ ಮೂರು ಹಸಿರು ಸಾಲು, ಒಂದು ಬಿಳಿ.

ನೋಡುತ್ತಿದ್ದಂತೆ ಬಿಳಿಯ ಪಕ್ಕ ಕೆಂಪು ಚುಕ್ಕೆ ಮೂಡಿತು.

ವರದಿಗಾರ್ತಿ ಅವಸರ ಮಾಡಲಿಲ್ಲ. ಜಾದೂಗಾರನನ್ನು ಪಾರಿವಾಳದ ಬಗ್ಗೆ ಕೇಳಿದಳು. ಅದಕ್ಕೆ ಏನು ತಿನ್ನಿಸುತ್ತಾರೆ, ಜೇಬಿನಲ್ಲಿ ಗಲಾಟೆ ಮಾಡುವುದಿಲ್ಲವೇ. ಜಾದೂಗಾರ ನೋವು ಮರೆತು ಹೇಳತೊಡಗಿದ. ಯಜಮಾನರು ಫೋನ್ ಬೋರಲು ಹಾಕಿದರು. ಎತ್ತಿ ನೋಡಿದರು. ಮತ್ತೆ ಬೋರಲು ಹಾಕಿದರು. ಫೋನು ಗುಂಯ್ ಅಂದಿತು. ಹಣೆ ಒರೆಸಿಕೊಂಡರು. ಇನ್ನೊಮ್ಮೆ ಗುಂಯ್.

ಟಿಂಗ್.

ಭಾವಮೈದುನ ತನ್ನ ಫೋನ್ ನೋಡಿ ಓದಿದ. "ಕೌಂಟರ್ ಹುಡುಕಿದ್ದಾಯ್ತು." ತಲೆ ಎತ್ತಿದ. "ಯಾವಾಗ ಭಾವ?"

"ಈಗ್ಲೇ."

"ಕೂತಲ್ಲೇನಾ?" ಅವನು ಗೋಡೆಯತ್ತ ಬೆರಳು ತೋರಿಸಿದ. "ಆ ಬೋರ್ಡು ಬರೆಸಿದ್ದು ನೀವೇ ಅಲ್ವಾ?"

"ಎದ್ದೇಳಿ ಸರ್," ಅಂದಳು ವರದಿಗಾರ್ತಿ. ಮೆತ್ತಗೆ ಅಂದಳು.

ಯಜಮಾನರು ಎದ್ದರು. ತಾತ ಮೆತ್ತೆ ಎತ್ತಿದರು. ಅದರಡಿ ನಾಲ್ಕು ಮಡಿಕೆಯಾಗಿ ಕೂತಿತ್ತು, ಹದಿನಾಲ್ಕು ಜೇಬಿನ ಕಪ್ಪು ರೇಷ್ಮೆ ಕೋಟು.

"ಅದಕ್ಕೇ ಎತ್ತರ ಆಗಿದ್ದ!" ಅಂದರು ತಾತ.

ಬಿಡಿಸಿ ನೋಡಿದರೆ ಬೆನ್ನಿನ ನಟ್ಟನಡುವೆ ಸುಟ್ಟ ಗುರುತು. ಇಸ್ತ್ರಿಪೆಟ್ಟಿಗೆಯದೇ ಅಚ್ಚು.

* * *

"ಕೋಟು ಕದಿಯೋರಿಗೆ ಟಿಕ್ ಯಾಕೆ ಬೇಕು?" ವರದಿಗಾರ್ತಿ ವಿವರಿಸಿದಳು. "ಮುಚ್ಚಿಡ್ಬೇಕು ಅಂದ್ರೆ ಗಿರಾಕಿಗೆ ಕೊಟ್ಟಾಯ್ತು ಅಂತ ಹಾಕ್ತಿದ್ರು. ಇವತ್ತು ಬಿದ್ದಿದ್ದು ಇಸ್ತ್ರಿಗೆ ಮಾತ್ರ. ಅಂದ್ರೆ ಯಾರೋ ನಿಜವಾಗ್ಲೂ ಇಸ್ತ್ರಿ ಮಾಡಿದ್ದಾರೆ. ಅಕ್ಕ ಟಿಕ್ ಒತ್ತೋದು ಸಂಜೆ. ತಾತ ಒತ್ತೋದೇ ಇಲ್ಲ. ವ್ಯಾನಿನವರು ತಮ್ಮದನ್ನ ಮಾಡೋಕೆ ಮುಂಚೆನೇ ಒತ್ತಿ ಮುಗಿಸ್ತಾರೆ, ಇನ್ನೊಬ್ಬರದ್ದು ಒತ್ತೋಷ್ಟು ಶ್ರದ್ಧೆ ಅವರಿಗಿಲ್ಲ. ಬೇರೆಯವರ ಕೆಂಪು ಚುಕ್ಕೆನೂ ಸಹಿಸದೆ ಇರೋರು ಈ ಅಂಗಡೀಲಿ ಒಬ್ಬರೇ."

ಯಜಮಾನರು ನೆಲ ನೋಡುತ್ತಿದ್ದರು.

"ಫ್ಯಾನು, ಕಿಟಕಿ ನೋಡಿದಾಗ ಸುಟ್ಟ ವಾಸನೆ ಕಳಿಸೋಕಿರಬಹುದು ಅನ್ನಿಸ್ತು. ದಿನಾ ಸುತ್ತೋರು ಕುರ್ಚಿ ಬಿಟ್ಟೇಳಲ್ಲ, ಪೊಲೀಸು ಬೇಡ, ಕೋಟಿನ ಬೆಲೆ ಕೊಡ್ತೀನಿ ಅಂತಾರೆ. ಆದ್ರೆ ಇದೆಲ್ಲ ನನ್ನ ಊಹೆ. ಊಹೆನ ಪತ್ರಿಕೇಲಿ ಹಾಕಲ್ಲ. ಅದಕ್ಕೇ ನಿಮಗೇ ಒಂದು ಕೆಂಪು ಚುಕ್ಕೆ ಕೊಟ್ಟು ಕಾದೆ. ಎದ್ದು ಹುಡುಕಿದ್ರೆ ಕೋಟು ಕಾಣುತ್ತೆ. ಬಿಟ್ರೆ ಚುಕ್ಕೆ ಉಳಿಯುತ್ತೆ. ಇನ್ಯಾರಾದ್ರೂ ಚುಕ್ಕೆ ಹಾಗೇ ಬಿಟ್ಟಿರೋರು."

"ಕಳ್ಳತನ ಅಲ್ಲಮ್ಮ," ಯಜಮಾನರ ದನಿ ಇಳಿದಿತ್ತು. "ಅಕ್ಕ ಹಿತ್ತಲಲ್ಲಿದ್ಲು. ಚುಕ್ಕೆ ಕೆಂಪಾಯ್ತು. ಒಂದು ಕೋಟು ತಾನೇ, ನಾನೇ ಉಜ್ಜಿಬಿಡೋಣ ಅಂತ... ಚೆನ್ನಾಗೇ ಬಂತು. ಖುಷಿಯಾಗಿ ತಿರುಗಿ ಟಿಕ್ ಹಾಕಿದೆ. ಟಿಂಗ್ ಅಂತು. ಈ ಕಡೆ ತಿರುಗಿದ್ರೆ ಹೊಗೆ. ಪೆಟ್ಟಿಗೆ ಎತ್ತಿಡೋದು ಮರೆತಿದ್ದೆ."

ಯಾರಿಗೂ ನಗು ತಡೆಯಲಾಗಲಿಲ್ಲ. ತಾತ ಗೋಡೆ ಹಿಡಿದುಕೊಂಡರು.

ಜಾದೂಗಾರ ಮಾತ್ರ ಕೋಟು ತೊಟ್ಟು ಜೇಬುಗಳನ್ನು ಒಂದೊಂದಾಗಿ ತಡವುತ್ತಿದ್ದ. "ಹದಿಮೂರು... ಹದಿನಾಲ್ಕು. ಎಲ್ಲಾ ಸರಿ ಇವೆ."

"ಬೆನ್ನು ಸುಟ್ಟಿದೆಯಲ್ಲ?" ಅಂದಳು ವರದಿಗಾರ್ತಿ.

"ಜಾದೂಗಾರ ಯಾವತ್ತಾದ್ರೂ ಜನಕ್ಕೆ ಬೆನ್ನು ತೋರಿಸ್ತಾನಾ ಮೇಡಂ? ತೋರಿಸಿದ್ರೆ ಅವನ ಕಥೆ ಮುಗೀತು." ಅವನು ಹಿಗ್ಗಿನಿಂದ ಗಿರ್ರನೆ ಒಂದು ಸುತ್ತು ತಿರುಗಿದ. ಸುಟ್ಟ ಗುರುತು ಎಲ್ಲರಿಗೂ ಕಂಡಿತು.

ಯಜಮಾನರು ಅಕ್ಕನ ಕಡೆ ತಿರುಗಿದರು. "ತಪ್ಪಾಯ್ತಮ್ಮ. ಕಳುವಾಗಿದೆ ಅಂತ ಬಾಯಿಗೆ ಬಂದುಬಿಡ್ತು. ಬಂದಮೇಲೆ ನುಂಗೋಕೆ ಆಗ್ಲಿಲ್ಲ. ನಾಳೆ ಬಾ."

"ಹಾಗೆ ಬರಲ್ಲ," ಅಂದರು ಅಕ್ಕ.

"ಇನ್ನೇನು ಮಾಡ್ಲಿ?"

"ಕಳ್ಳಿ ಅಂದಿದ್ದು ಇಷ್ಟು ಮೆತ್ತಗೆ ಅನ್ಲಿಲ್ಲ. ಬಾಗಿಲಿಗೆ ಬನ್ನಿ."

ಯಜಮಾನರು ಬಾಗಿಲಿಗೆ ಬಂದರು. ಗಂಟಲು ಸರಿಮಾಡಿಕೊಂಡರು. ಬೀದಿಯಲ್ಲಿ ಗಿರಾಕಿಗಳು, ಎದುರಿಗೆ ಸಲೂನಿನವನು, ಅವನ ಹಿಂದೆ ಅರ್ಧ ಬೋಳಿಸಿಕೊಂಡ ಗಲ್ಲದ ಒಬ್ಬ.

"ಕೋಟು ಸಿಕ್ತು!" ಕೂಗಿದರು.

"ಅದಲ್ಲ," ಅಂದರು ಅಕ್ಕ ಹಿಂದಿನಿಂದ.

"ಕೋಟು ಸುಟ್ಟಿದ್ದು ನಾನು! ಬಚ್ಚಿಟ್ಟಿದ್ದೂ ನಾನು! ಅಕ್ಕನದೇನೂ ತಪ್ಪಿಲ್ಲ!"

ಸಲೂನಿನವನು ಕಿವಿಗೆ ಕೈ ಹಿಡಿದ. "ಏನಂದ್ರಿ? ಕತ್ತರಿ ಸದ್ದು, ಕೇಳಿಸ್ಲಿಲ್ಲ!"

ಅವನ ಕತ್ತರಿ ಜೇಬಿನಲ್ಲಿತ್ತು. ಮುಖದ ತುಂಬ ನಗುವಿತ್ತು. ಯಜಮಾನರು ಅಕ್ಕನನ್ನು ನೋಡಿದರು. ಅಕ್ಕ ಹುಬ್ಬೇರಿಸಿದರು.

ಯಜಮಾನರು ಉಸಿರೆಳೆದುಕೊಂಡು, ಮೊದಲಿಂದ, ಇನ್ನೂ ಜೋರಾಗಿ ಶುರುಮಾಡಿದರು.